ಕಡಲ ಮೇಲಿನ ವಿಮಾನ ಯಾರದ್ದು?

(ಗೋವಾದ ವಾಸ್ಕೋದ ಕನ್ನಡ ಬಳಗದ ಭಾನುವಾರದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಬರೆಯುವಾಗ ಕೆಲವು ಇಸವಿಗಳನ್ನು ಸೇರಿಸಿದ್ದೇನೆ. ಮಾತಿನ ಭರದಲ್ಲಿ ಆಡಿದ ಒಂದೆರಡು ಮಾತುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.)

ಅಧ್ಯಕ್ಷರೇ, ತಾಯಂದಿರೇ, ಅಣ್ಣ ತಮ್ಮಂದಿರೇ,

ಬಳಗದವರು ನನ್ನ ಮನೆಗೆ ಬಂದು, "ಸೇನೆಯಲ್ಲಿ ಸುಧಾರಣೆ ಅಂತ ಪತ್ರಿಕೆಯಲ್ಲಿ ದಿನಾ ಬರುತ್ತಿದೆ, ನೀವು ನೌಕಾಪಡೆಯಲ್ಲಿ ಇದ್ದವರು, ಅದೇನೆಂದು ಬಿಡಿಸಿ ಹೇಳಿ" ಎಂದರು. ನಾನು ಅಡ್ಮಿರಲ್ ಆಗಿ ನಿವೃತ್ತನಾದವನಲ್ಲ. ಹಾವೇರಿ ಕಡೆಯ ಹಳ್ಳಿಯಿಂದ ಬಂದು, ಇಲ್ಲೇ ದಾಬೋಲಿಮ್ ನೌಕಾ ವಿಮಾನನೆಲೆಯ ಹ್ಯಾಂಗರ್‌ನಲ್ಲಿ ವಿಮಾನದ ಎಂಜಿನ್ ಬಿಚ್ಚಿ ಜೋಡಿಸುತ್ತಾ ವಯಸ್ಸು ಕಳೆದವನು. ದೆಹಲಿಯಲ್ಲಿ ಬರೆದ ಯೋಜನೆ ಕೊನೆಗೆ ಬಂದು ತಲುಪುವುದು ಸ್ಪ್ಯಾನರ್ ಹಿಡಿದವನ ಕೈಗೆ. ಆ ತುದಿಯಿಂದ ಕಂಡದ್ದನ್ನು ಹೇಳುತ್ತೇನೆ.

ನಿಮ್ಮಲ್ಲಿ ಬಹುತೇಕರು ಮಕ್ಕಳನ್ನು ಕರೆದುಕೊಂಡು ಬೋಗ್ಮಾಲೊ ಕಡಲತೀರಕ್ಕೆ ಹೋಗಿದ್ದೀರಿ. ದಾರಿಯಲ್ಲಿ ನೌಕಾ ವೈಮಾನಿಕ ಸಂಗ್ರಹಾಲಯವಿದೆ. ಅದರ ಅಂಗಳದಲ್ಲಿ ನಾಲ್ಕು ಎಂಜಿನ್ನಿನ, ಮೀನಿನಂತೆ ಬಾಗಿದ ಮೈಯ, ಹಿಂದೆ ಮೂರು ಬಾಲವಿರುವ ಒಂದು ಹಳೆಯ ವಿಮಾನ ನಿಂತಿದೆ. ಹೆಸರು ಸೂಪರ್ ಕಾನ್‌ಸ್ಟೆಲೇಷನ್. ಮಕ್ಕಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ನಾನು ಮಾತ್ರ ಹೋದಾಗಲೆಲ್ಲ ಅದರ ನೆರಳಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅದು ಮೊದಲು ಏರ್ ಇಂಡಿಯಾದ ಪ್ರಯಾಣಿಕ ವಿಮಾನ. ಆಮೇಲೆ ವಾಯುಪಡೆಗೆ ಹೋಯಿತು. ಅಲ್ಲಿಂದ 1976ರಲ್ಲಿ ನೌಕಾಪಡೆಗೆ ಬಂತು. ಒಂದೇ ಮೈ, ಮೂರು ಮನೆಯ ಊಟ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಎರಡನೆಯ ಮನೆಯಿಂದ ಮೂರನೆಯ ಮನೆಗೆ ಆದ ಪಯಣದಲ್ಲೇ ಇದೆ.

ಕಡಲ ಮೇಲೆ ಹಾರುವ ವಿಮಾನ ಯಾರದ್ದು? ಹಾರುವುದರಿಂದ ವಾಯುಪಡೆಯದ್ದೇ, ಕೆಳಗೆ ನೀರಿರುವುದರಿಂದ ನೌಕಾಪಡೆಯದ್ದೇ? ಕೇಳಲು ಮಕ್ಕಳ ಒಗಟಿನಂತಿದೆ. ಆದರೆ ಈ ಒಗಟನ್ನು ಬಿಡಿಸಲಾಗದೆ ದೊಡ್ಡ ದೊಡ್ಡ ದೇಶಗಳೇ ದಶಕಗಳನ್ನು ಕಳೆದಿವೆ. ಬ್ರಿಟನ್ 1918ರ ಏಪ್ರಿಲ್ 1ರಂದು ಜಗತ್ತಿನಲ್ಲೇ ಮೊದಲ ಬಾರಿಗೆ ಸ್ವತಂತ್ರ ವಾಯುಪಡೆ ಕಟ್ಟಿದಾಗ, ನೌಕಾಪಡೆಯ ಬಳಿ ಇದ್ದ ವಿಮಾನಗಳನ್ನೂ ವೈಮಾನಿಕರನ್ನೂ ಅದರಲ್ಲಿ ಸೇರಿಸಿಬಿಟ್ಟಿತು. ಹಡಗು ಒಬ್ಬರದು, ಹಡಗಿನ ಮೇಲಿನ ವಿಮಾನ ಇನ್ನೊಬ್ಬರದು. ಅದನ್ನು ನೌಕಾಪಡೆಗೆ ಮರಳಿಸಬೇಕೆಂದು ತೀರ್ಮಾನವಾದದ್ದು 1937ರಲ್ಲಿ, ಕೈಗೆ ಬಂದದ್ದು 1939ರಲ್ಲಿ, ಮಹಾಯುದ್ಧಕ್ಕೆ ಮೂರ್ನಾಲ್ಕು ತಿಂಗಳು ಉಳಿದಿರುವಾಗ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವಲ್ಲ, ಹಾಗೆ ಆ ಇಪ್ಪತ್ತೊಂದು ವರ್ಷ ನೌಕಾ ವಿಮಾನಗಳನ್ನು ಬೆಳೆಸುವವರೇ ಇರಲಿಲ್ಲ. ಯುದ್ಧ ಶುರುವಾದಾಗ ಬ್ರಿಟಿಷ್ ಹಡಗುಗಳ ಮೇಲೆ ಇದ್ದದ್ದು ಬಟ್ಟೆ ಹೊದಿಸಿದ ಎರಡಂತಸ್ತಿನ ರೆಕ್ಕೆಯ ಸ್ವೋರ್ಡ್‌ಫಿಶ್. ಆ ಮುದುಕ ವಿಮಾನವೇ 1940ರ ನವೆಂಬರ್‌ನಲ್ಲಿ ಟರಾಂಟೊ ಬಂದರಿನಲ್ಲಿ ಇಟಲಿಯ ಹಡಗುಗಳನ್ನು ಹೊಡೆಯಿತು ಎಂಬುದು ಬೇರೆ ಮಾತು. ಅದು ವೈಮಾನಿಕರ ಗಂಡೆದೆಯ ಕತೆ, ಸರ್ಕಾರದ ಯೋಜನೆಯ ಕತೆಯಲ್ಲ.

ನಮ್ಮಲ್ಲಿಗೆ ಬರೋಣ. 1971ರ ಯುದ್ಧದಲ್ಲಿ ಡಿಸೆಂಬರ್ 9ರ ರಾತ್ರಿ ದಿಯು ಕರಾವಳಿಯ ಆಚೆ ಪಾಕಿಸ್ತಾನದ ಜಲಾಂತರ್ಗಾಮಿಯೊಂದು ನಮ್ಮ ಖುಕ್ರಿ ಹಡಗನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಅದರೊಡನೆ ಹೋದರು. ನೀರಿನ ಕೆಳಗಿರುವುದನ್ನು ಹುಡುಕಬೇಕಾದರೆ ದೂರ ಹಾರುವ, ಗಂಟೆಗಟ್ಟಲೆ ಕಡಲ ಮೇಲೆ ಸುತ್ತುವ ವಿಮಾನ ಬೇಕು. ಅಂಥವು ಆಗ ವಾಯುಪಡೆಯ ಬಳಿ ಇದ್ದವು, ಇದೇ ಸೂಪರ್ ಕಾನ್‌ಸ್ಟೆಲೇಷನ್‌ಗಳು. ಅವು ತಮಗೇ ಬೇಕೆಂದು ನೌಕಾಪಡೆ ಮೊದಲಿನಿಂದಲೂ ಕೇಳುತ್ತಿತ್ತು. ಯುದ್ಧದ ನಂತರ ಆ ವಾದಕ್ಕೆ ಬಲ ಬಂತು. 1976ರಲ್ಲಿ ಸರ್ಕಾರ ಕಡಲ ಕಣ್ಗಾವಲಿನ ಕೆಲಸವನ್ನೂ ಆ ವಿಮಾನಗಳನ್ನೂ ನೌಕಾಪಡೆಗೆ ಕೊಟ್ಟಿತು. ಅವು ಬಂದಿಳಿದದ್ದು ಇಲ್ಲೇ, ನಮ್ಮ ದಾಬೋಲಿಮ್ ರನ್‌ವೇಯಲ್ಲಿ. ಮರುವರ್ಷವೇ ಸೋವಿಯತ್ ಒಕ್ಕೂಟದಿಂದ ಇಲ್ಯೂಶಿನ್-38 ವಿಮಾನಗಳು ಬಂದವು, 2023ರ ಅಕ್ಟೋಬರ್ 31ರವರೆಗೆ ಇಲ್ಲಿಂದಲೇ ಹಾರಿದವು. 46 ವರ್ಷ! ನನ್ನ ಕೈಗಳಿಗೆ ಅಂಟಿದ್ದ ಗ್ರೀಸ್ ಬಹುಪಾಲು ಅವುಗಳದ್ದೇ.

2002ರ ಅಕ್ಟೋಬರ್ 1 ಇಲ್ಲಿನ ಹಿರಿಯರಿಗೆ ನೆನಪಿರಬಹುದು. ಆ ವಿಮಾನಗಳ ತಂಡದ, ಅಂದರೆ ಸ್ಕ್ವಾಡ್ರನ್ನಿನ, ಇಪ್ಪತ್ತೈದನೆಯ ವರ್ಷದ ಹಬ್ಬದ ದಿನ ಎರಡು ಇಲ್ಯೂಶಿನ್‌ಗಳು ಆಕಾಶದಲ್ಲೇ ಒಂದಕ್ಕೊಂದು ತಾಗಿ ಬಿದ್ದವು. ವಿಮಾನಗಳಲ್ಲಿದ್ದ ಹನ್ನೆರಡು ಮಂದಿಯೂ ಉಳಿಯಲಿಲ್ಲ. ಕೆಳಗೆ ನೆಲದ ಮೇಲಿದ್ದವರೂ ಸತ್ತರು. ಅದರ ಬಗ್ಗೆ ನಾನು ಹೆಚ್ಚು ಮಾತನಾಡಲಾರೆ.

ಒಂದು ಪ್ರಶ್ನೆಗೆ ಉತ್ತರ ಸಿಕ್ಕ ಕೂಡಲೇ ಏನಾಯಿತು ಗಮನಿಸಿ. ವಿಮಾನ ಯಾರದ್ದೆಂದು ಇತ್ಯರ್ಥವಾದ ಮೇಲೆ, ಅದಕ್ಕೆ ಜನರನ್ನು ತಯಾರು ಮಾಡುವವರು ಯಾರು, ಬಿಡಿಭಾಗ ತರಿಸುವವರು ಯಾರು, ಮುಂದಿನ ವಿಮಾನ ಯಾವುದಿರಬೇಕೆಂದು ಇಪ್ಪತ್ತು ವರ್ಷ ಮೊದಲೇ ಯೋಚಿಸುವವರು ಯಾರು ಎಂಬುದೆಲ್ಲ ತಾನಾಗಿಯೇ ಇತ್ಯರ್ಥವಾಯಿತು. ಇವತ್ತು ದಾಬೋಲಿಮ್‌ನಿಂದ ಹಾರುವ, ಕಡಲ ಕಣ್ಗಾವಲಿನ ಪಿ-8ಐ ವಿಮಾನಗಳು ಆ ಒಂದು ಸಹಿಯ ಮೊಮ್ಮಕ್ಕಳು. ಅಂದರೆ ಯೋಜನೆಯಲ್ಲಿ ಮೊದಲು ಬರಬೇಕಾದದ್ದು ಯಂತ್ರಗಳ ಪಟ್ಟಿಯಲ್ಲ, ಹೊಣೆ ಯಾರದ್ದು ಎಂಬ ಸಾಲು. ನಮ್ಮ ಸರ್ಕಾರಗಳು, ಯಾವ ಪಕ್ಷದ್ದೇ ಇರಲಿ, ಪಟ್ಟಿಯನ್ನು ಚೆನ್ನಾಗಿ ಬರೆಯುತ್ತವೆ. ಆ ಸಾಲನ್ನು ಮಾತ್ರ ಖಾಲಿ ಬಿಡುತ್ತವೆ.

ಖಾಲಿ ಬಿಟ್ಟರೆ ಏನಾಗುತ್ತದೆಂದು ತಿಳಿಯಲು ದೂರ ಹೋಗಬೇಕಿಲ್ಲ, ಇಲ್ಲಿಂದ ಶಿಪ್‌ಯಾರ್ಡ್ ಗೇಟಿನವರೆಗೆ ನಡೆದರೆ ಸಾಕು. ಸಮುದ್ರದಲ್ಲಿ ಶತ್ರು ಬಿಟ್ಟುಹೋದ ಮೈನ್‌ಗಳನ್ನು, ಅಂದರೆ ನೀರಿನಲ್ಲಿ ಅಡಗಿಸಿಟ್ಟ ಸಿಡಿಗುಂಡುಗಳನ್ನು, ಹುಡುಕಿ ತೆಗೆಯುವುದಕ್ಕೇ ಒಂದು ಬಗೆಯ ಚಿಕ್ಕ ಹಡಗುಗಳಿವೆ. ಕಬ್ಬಿಣ ಕಂಡರೆ ಮೈನ್ ಸಿಡಿಯುತ್ತದೆ, ಆದ್ದರಿಂದ ಈಗಿನ ಅಂಥ ಹಡಗುಗಳ ಮೈಯನ್ನು ಗಾಜಿನ ನಾರಿನಿಂದ ಮಾಡುತ್ತಾರೆ. 1978ರಿಂದ 1988ರೊಳಗೆ ನಾವು ಸೋವಿಯತ್ ಒಕ್ಕೂಟದಿಂದ ಹನ್ನೆರಡು ಮೈನ್ ತೆಗೆಯುವ ಹಡಗುಗಳನ್ನು ತಂದೆವು. ಅವುಗಳಲ್ಲಿ ಒಂದರ ಹೆಸರು ಕಾರವಾರ. ಅವು ಮುದಿಯಾಗುತ್ತಿವೆ ಎಂದು ಎಲ್ಲರಿಗೂ ಗೊತ್ತಿತ್ತು. ಹಡಗು ಮುದಿಯಾಗುವುದು ಗುಟ್ಟಾಗಿ ಆಗುವ ಸಂಗತಿಯಲ್ಲವಲ್ಲ! ಕೊರಿಯಾದ ಕಂಪನಿಯೊಡನೆ ಮಾತುಕತೆ ನಡೆಯಿತು, 2014ರಲ್ಲಿ ಕೈಬಿಟ್ಟರು. 2015ರಲ್ಲಿ ಹನ್ನೆರಡು ಹಡಗು ಕಟ್ಟುವ ಕೆಲಸವನ್ನು ಗೋವಾ ಶಿಪ್‌ಯಾರ್ಡಿಗೆ ವಹಿಸಿದರು, ತಂತ್ರಜ್ಞಾನಕ್ಕೆ ಮತ್ತೆ ಅದೇ ಕೊರಿಯಾ. 2018ರ ಆರಂಭದಲ್ಲಿ ಅದೂ ಮುರಿದುಬಿತ್ತು. 2017ರಲ್ಲಿ ಕಾರವಾರ ಹಡಗು ನಿವೃತ್ತವಾಗಿತ್ತು, 2019ರ ಏಪ್ರಿಲ್‌ನಲ್ಲಿ ಕೊನೆಯದಾದ ಕೋಝಿಕ್ಕೋಡ್ ನಿವೃತ್ತವಾಯಿತು. ಏಳು ಸಾವಿರ ಕಿಲೋಮೀಟರಿಗೂ ಮಿಕ್ಕ ಕರಾವಳಿಯ ದೇಶದ ನೌಕಾಪಡೆಯಲ್ಲಿ ಮೈನ್ ತೆಗೆಯುವ ಹಡಗು ಒಂದೂ ಉಳಿಯಲಿಲ್ಲ. 2025ರ ಜುಲೈನಲ್ಲಿ ರಕ್ಷಣಾ ಖರೀದಿ ಮಂಡಳಿ ಇವುಗಳಿಗೆ ಮತ್ತೊಮ್ಮೆ 'ಅಗತ್ಯವಿದೆ' ಎಂಬ ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಎಂದರೆ ಟೆಂಡರ್ ಅಲ್ಲ, ಟೆಂಡರ್ ಎಂದರೆ ಕರಾರು ಅಲ್ಲ, ಕರಾರು ಎಂದರೆ ಹಡಗು ಅಲ್ಲ.

ಇದೇ ಶಿಪ್‌ಯಾರ್ಡಿನಲ್ಲಿ ಈಗ ದೊಡ್ಡ ಯುದ್ಧನೌಕೆಗಳು ತಯಾರಾಗುತ್ತಿವೆ. 2024ರ ಜುಲೈನಲ್ಲಿ ತ್ರಿಪುಟ್, 2025ರ ಮಾರ್ಚ್‌ನಲ್ಲಿ ತವಸ್ಯ ನೀರಿಗಿಳಿದವು. ಆದ್ದರಿಂದ ಕೈಗಾರಿಕೆಗೆ ಕಸುಬು ಗೊತ್ತಿಲ್ಲ ಎನ್ನುವಂತಿಲ್ಲ.

ಜಲಾಂತರ್ಗಾಮಿಗಳ ಲೆಕ್ಕವೂ ಹೀಗೆಯೇ. 1999ರಲ್ಲಿ ಸರ್ಕಾರ ಮೂವತ್ತು ವರ್ಷಗಳ ಯೋಜನೆಯನ್ನು ಒಪ್ಪಿತು, 2030ರ ಹೊತ್ತಿಗೆ 24 ಜಲಾಂತರ್ಗಾಮಿ. ಮೊದಲ ಆರಕ್ಕೆ ಕರಾರಾದದ್ದು 2005ರಲ್ಲಿ. ಮುಂಬೈಯ ಮಜಗಾಂವ್ ಡಾಕ್‌ನಿಂದ ಮೊದಲನೆಯದು, ಕಲ್ವರಿ, ಹೊರಬಂದದ್ದು 2017ರಲ್ಲಿ. ಆರನೆಯದು, ವಾಗ್‌ಶೀರ್, 2025ರ ಜನವರಿಯಲ್ಲಿ. ಇಪ್ಪತ್ತನಾಲ್ಕರಲ್ಲಿ ಆರು. ಊರಲ್ಲಿ ಮನೆ ಕಟ್ಟಿಸುತ್ತೇನೆಂದು ಪಾಯ ತೋಡಿಸಿ ಗಲ್ಫಿಗೆ ಹೋದವರ ಪಾಯದಲ್ಲಿ ಹುಲ್ಲು ಬೆಳೆದದ್ದನ್ನು ನೋಡಿದ್ದೇವೆ, ಇದು ಅದರ ದೊಡ್ಡ ರೂಪ.

ಕಾರವಾರದವರು ಕೈ ಎತ್ತುತ್ತಿದ್ದಾರೆ. ಗೊತ್ತು, ನಿಮ್ಮೂರಿನ ನೌಕಾನೆಲೆಯ ಯೋಜನೆ ಸೀಬರ್ಡ್ ಬಗ್ಗೆ ಹೇಳದೆ ಬಿಟ್ಟರೆ ನೀವು ನನ್ನನ್ನು ಚಹಾದ ಹೊತ್ತಿಗೆ ಬಿಡುವುದಿಲ್ಲ. ಯುದ್ಧಕಾಲದಲ್ಲಿ ಮುಂಬೈ ಬಂದರು ಕಿಕ್ಕಿರಿದಿತ್ತು, ಪಶ್ಚಿಮ ಕರಾವಳಿಯಲ್ಲಿ ಇನ್ನೊಂದು ನೆಲೆ ಬೇಕೆಂಬ ಆಲೋಚನೆ ಒಳ್ಳೆಯದೇ. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಉದ್ಘಾಟನೆಯಾದದ್ದು 2005ರ ಮೇ 31ರಂದು. ಬನವಾಸಿಯ ಕದಂಬರ ಹೆಸರು ಒಂದು ಕಡೆ ನೌಕಾನೆಲೆಗೆ, ಇನ್ನೊಂದು ಕಡೆ ಗೋವಾದ ಸರ್ಕಾರಿ ಬಸ್ಸಿಗೆ. ಬಸ್ಸು ತಡವಾಗಿ ಬಂದಾಗ ನಾವು ಬಯ್ಯುತ್ತೇವೆ, ಪಾಪ, ಅದು ಹತ್ತೊಂಬತ್ತು ವರ್ಷವೇನೂ ತಡಮಾಡುವುದಿಲ್ಲ. ಯೋಜನೆ ನಿಧಾನವಾದರೂ ಜನರನ್ನು ಎಬ್ಬಿಸುವುದು ನಿಧಾನವಾಗಲಿಲ್ಲ ಎಂಬುದೇ ಅದರಲ್ಲಿನ ಕಹಿ. ಕಾರವಾರ, ಅಂಕೋಲಾ ಕಡೆಯ ಸಾವಿರಾರು ಕುಟುಂಬಗಳು ಗದ್ದೆ, ತೋಟ, ದೋಣಿ ಎಳೆಯುವ ಮರಳು ದಂಡೆ ಬಿಟ್ಟು ಎದ್ದವು. ಪರಿಹಾರಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತುತ್ತಲೇ ಅಜ್ಜಂದಿರು ಹೋದರು, ಮೊಮ್ಮಕ್ಕಳು ಕಡತ ಹಿಡಿದರು. ರಕ್ಷಣಾ ಯೋಜನೆಯ ವೆಚ್ಚದ ಪಟ್ಟಿಯಲ್ಲಿ ಈ ಕಾಯುವಿಕೆಗೆ ಕಾಲಂ ಇರುವುದಿಲ್ಲ.

ಈಗ ಎಲ್ಲರೂ ಕೇಳುವ ಥಿಯೇಟರ್ ಕಮಾಂಡ್. ಹೆಸರು ಕೇಳಿ ನಾಟಕ ಕಂಪನಿ ಎಂದುಕೊಂಡವರೂ ಇದ್ದಾರೆ. ಯುದ್ಧ ನಡೆಯುವ ಒಂದು ಪ್ರದೇಶ, ಅಲ್ಲಿರುವ ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಒಬ್ಬ ದಂಡನಾಯಕನ ಕೈಕೆಳಗೆ. ಇಷ್ಟೇ. ಈಗಿರುವುದು ಹೇಗೆ? ಭೂಸೇನೆಗೆ ಏಳು ಕಮಾಂಡ್, ವಾಯುಪಡೆಗೆ ಏಳು, ನೌಕಾಪಡೆಗೆ ಮೂರು, ಒಟ್ಟು ಹದಿನೇಳು. 'ದಕ್ಷಿಣ ಕಮಾಂಡ್' ಎಲ್ಲಿದೆ ಎಂದು ಕೇಳಿದರೆ ಭೂಸೇನೆಯವನು ಪುಣೆ ಎನ್ನುತ್ತಾನೆ, ವಾಯುಪಡೆಯವನು ತಿರುವನಂತಪುರ ಎನ್ನುತ್ತಾನೆ, ನಾವು ಕೊಚ್ಚಿ ಎನ್ನುತ್ತೇವೆ. ಪೂರ್ವ ಎಂದರೆ ಕೋಲ್ಕತ್ತಾ, ಶಿಲ್ಲಾಂಗ್, ವಿಶಾಖಪಟ್ಟಣ. ಒಂದೇ ದಿಕ್ಕಿಗೆ ಮೂರು ಊರು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ನಮ್ಮ ರೂಢಿ. ಕಾರ್ಗಿಲ್ ಆದ ಮೇಲೆ ಕೆ. ಸುಬ್ರಹ್ಮಣ್ಯಂ ಸಮಿತಿ ಕುಳಿತಿತು. 2001ರಲ್ಲಿ ಸಚಿವರ ಗುಂಪು ಮೂರೂ ಪಡೆಗಳಿಗೆ ಒಬ್ಬ ಹಿರಿಯ, ಅಂದರೆ ರಕ್ಷಣಾ ಪಡೆಗಳ ಮುಖ್ಯಸ್ಥ ಬೇಕೆಂದಿತು. ಅದೇ ವರ್ಷ ಅಂಡಮಾನ್‌ನಲ್ಲಿ ಮೊದಲ ಜಂಟಿ ಕಮಾಂಡ್ ಹುಟ್ಟಿತು. ಆದರೆ ಆ ಹಿರಿಯನ ಹುದ್ದೆಯನ್ನು ಪ್ರಧಾನಿ ಘೋಷಿಸಿದ್ದು 2019ರ ಆಗಸ್ಟ್ 15ರಂದು. ಜನರಲ್ ಬಿಪಿನ್ ರಾವತ್ 2020ರ ಜನವರಿ 1ರಂದು ಮೊದಲಿಗರಾಗಿ ಕುಳಿತರು, 2021ರ ಡಿಸೆಂಬರ್‌ನಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ಹೋದರು. ಆ ಹುದ್ದೆ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಖಾಲಿ ಇತ್ತು. ಅಷ್ಟು ಮುಖ್ಯವೆಂದು ಹೇಳಿದ ಕುರ್ಚಿಯನ್ನು ಅಷ್ಟು ದಿನ ಖಾಲಿ ಬಿಟ್ಟದ್ದು ನನಗೆ ಇಂದಿಗೂ ಅರ್ಥವಾಗಿಲ್ಲ.

ಆಗಿರುವ ಸುಧಾರಣೆಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಯಾರೂ ಮಾತನಾಡದ ಒಂದು ಸಣ್ಣ ಕಾನೂನು. ಭೂಸೇನೆಯವನಿಗೆ 1950ರ ಸೇನಾ ಕಾಯ್ದೆ, ವಾಯುಪಡೆಯವನಿಗೆ ಅದೇ ವರ್ಷದ ಇನ್ನೊಂದು ಕಾಯ್ದೆ, ನಮಗೆ 1957ರ ನೌಕಾ ಕಾಯ್ದೆ. ಜಂಟಿ ಕಮಾಂಡ್‌ನಲ್ಲಿ ವಾಯುಪಡೆಯ ಹುಡುಗನೊಬ್ಬ ತಪ್ಪು ಮಾಡಿದರೆ, ಅಲ್ಲಿನ ಮುಖ್ಯಸ್ಥ ನೌಕಾಪಡೆಯವನಾಗಿದ್ದರೆ, ಅವನಿಗೆ ಶಿಕ್ಷೆ ಕೊಡುವ ಅಧಿಕಾರವಿರಲಿಲ್ಲ. ಹುಡುಗನನ್ನು ಅವನ ಪಡೆಗೇ ವಾಪಸು ಕಳಿಸಬೇಕಿತ್ತು. ರಜೆ ಕೊಡಬಹುದು, ಗದರಬಾರದು! ಅಂಥ ಮನೆಯಲ್ಲಿ ಯಜಮಾನಿಕೆ ನಡೆಯುವುದು ಹೇಗೆ? 2023ರಲ್ಲಿ ಸಂಸತ್ತು ಇದಕ್ಕೊಂದು ಕಾಯ್ದೆ ಮಾಡಿತು, 2024ರ ಮೇ 10ರಿಂದ ಜಾರಿಗೆ ಬಂತು. ಹಾಸಿಗೆಯ ಮೇಲೆ ಹಾಸು ಹೊದಿಸುವ ಮೊದಲು ಮಂಚದ ಕಾಲು ಸರಿ ಮಾಡಿದಂತೆ.

ಇನ್ನು ಜಗಳ. ಸಮುದ್ರಕ್ಕೊಂದು ಥಿಯೇಟರ್ ಆದರೆ ಅದರೊಳಗೆ ವಾಯುಪಡೆಯ ವಿಮಾನಗಳೂ ಸೇರಬೇಕು. ವಾಯುಪಡೆ ಹಿಂಜರಿಯುತ್ತದೆ. 2021ರ ಜುಲೈನಲ್ಲಿ ರಾವತ್ ಅವರು ವಾಯುಪಡೆಯನ್ನು ಬೆಂಬಲ ನೀಡುವ ಅಂಗ ಎಂದು ಕರೆದಾಗ, ಆಗಿನ ವಾಯುಪಡೆ ಮುಖ್ಯಸ್ಥ ಭದೌರಿಯಾ ಬಹಿರಂಗವಾಗಿಯೇ ಒಪ್ಪಲಿಲ್ಲ. 2025ರ ಆಗಸ್ಟ್‌ನಲ್ಲಿ ಮಧ್ಯಪ್ರದೇಶದ ಮಹೂವಿನಲ್ಲಿ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್, ಅವಸರ ಬೇಡ ಎಂದರು. ನೌಕಾಪಡೆಯ ಮುಖ್ಯಸ್ಥ ತ್ರಿಪಾಠಿ ಏಕೀಕರಣದ ಪರ ನಿಂತರು.

ನೌಕಾಪಡೆಯ ಉಪ್ಪು ತಿಂದವನಾದ ನಾನು ವಾಯುಪಡೆಯದು ಬರಿಯ ಹಟ ಎನ್ನಬೇಕಿತ್ತು. ಹಾಗೆನ್ನಲಾರೆ. ನಮ್ಮ ಹಳ್ಳಿಯಲ್ಲಿ ಮೂವರು ಅಣ್ಣ ತಮ್ಮಂದಿರು ಪಾಲಾದರು. ಹೊಲ ಮೂರು ತುಂಡಾಯಿತು, ಪಾತ್ರೆ ಪಗಡೆ ಹಂಚಿದರು, ಎತ್ತಿನ ಜೋಡಿ ಮಾತ್ರ ಒಂದೇ. ಮೂವರೂ ಸರದಿಯ ಮೇಲೆ ಬಳಸಲಿ ಎಂದು ಹಿರಿಯರು ತೀರ್ಮಾನ ಕೊಟ್ಟರು. ಆದರೆ ಮಳೆ ಬಿದ್ದು ಹೊಲ ಹದಕ್ಕೆ ಬರುವುದು ಮೂವರಿಗೂ ಒಂದೇ ದಿನ! ವಾಯುಪಡೆ ಹೇಳುವುದು ಇದನ್ನೇ. ಸರ್ಕಾರವೇ ಮಂಜೂರು ಮಾಡಿದ್ದು 42 ಯುದ್ಧ ಸ್ಕ್ವಾಡ್ರನ್. 2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ಮಿಗ್-21ಗಳಿಗೆ ವಿದಾಯ ಹೇಳಿದ ಮೇಲೆ ಉಳಿದದ್ದು 29. ನಮ್ಮ ಬೆಂಗಳೂರಿನ ಎಚ್‌ಎಎಲ್‌ಗೆ 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳ ಬೇಡಿಕೆ ಹೋಯಿತು, 2024ರಿಂದ ಬರಬೇಕಿತ್ತು, ಅಮೆರಿಕದ ಎಂಜಿನ್ನೇ ತಡವಾಯಿತು. ಇದ್ದ ಒಂದು ಜೋಡಿ ಎತ್ತನ್ನು ಮೂರು ಕೊಟ್ಟಿಗೆಗೆ ಕಟ್ಟುವುದು ಹೇಗೆ ಎಂಬ ಪ್ರಶ್ನೆ ಸುಳ್ಳಲ್ಲ.

ಆದರೂ ಕಡಲಿನ ವಿಷಯ ಬೇರೆ ಎಂದೇ ನನ್ನ ಅಭಿಪ್ರಾಯ. ಜಾಮ್‌ನಗರದಲ್ಲಿ ವಾಯುಪಡೆಯ 6ನೆಯ ಸ್ಕ್ವಾಡ್ರನ್ ಇದೆ, ಹಡಗುಗಳನ್ನು ಹೊಡೆಯುವ ಜಾಗ್ವಾರ್ ವಿಮಾನಗಳು ಅದರ ಬಳಿ. ಬೋಗ್ಮಾಲೊದ ಸೂಪರ್ ಕಾನ್‌ಸ್ಟೆಲೇಷನ್ ವಾಯುಪಡೆಯಲ್ಲಿದ್ದಾಗ ಇದೇ 6ನೆಯ ಸ್ಕ್ವಾಡ್ರನ್ನಿನದು. 2020ರ ಜನವರಿಯಲ್ಲಿ ತಂಜಾವೂರಿನಲ್ಲಿ ಬ್ರಹ್ಮೋಸ್ ಕ್ಷಿಪಣಿ ಹೊತ್ತ ಸುಖೋಯ್ ಯುದ್ಧವಿಮಾನಗಳ ಸ್ಕ್ವಾಡ್ರನ್ ನೆಲೆಯೂರಿತು, ಅದರ ಕಣ್ಣೂ ಸಾಗರದ ಮೇಲೆಯೇ. ಇವುಗಳಿಗೆ ಕಡಲ ಕೆಲಸ ಹೊಸದಲ್ಲ. ಕಡಲಲ್ಲಿ ಹಡಗನ್ನು ಕಂಡವನು ಪಿ-8ಐಯಲ್ಲಿ ಕುಳಿತ ನೌಕಾಪಡೆಯವನು, ಹೊಡೆಯಬೇಕಾದವನು ವಾಯುಪಡೆಯವನು. ಇಬ್ಬರ ನಡುವೆ ಎರಡು ಪ್ರಧಾನ ಕಚೇರಿಗಳ ಫೋನು ಓಡಾಡುವಷ್ಟರಲ್ಲಿ ಹಡಗು ಇದ್ದ ಜಾಗದಲ್ಲಿ ಇರುವುದಿಲ್ಲ. ಆದ್ದರಿಂದ ಉತ್ತರ, ಪಶ್ಚಿಮ ಗಡಿಗಳ ವಾದ ನಡೆಯುತ್ತಿರಲಿ, ಸಮುದ್ರದ ಕಮಾಂಡನ್ನು ಮೊದಲು ಮಾಡಿ, ಈ ಒಂದೆರಡು ಸ್ಕ್ವಾಡ್ರನ್‌ಗಳನ್ನು ಮಾತ್ರ ಅದಕ್ಕೆ ಕೊಡಿ. ದೆಹಲಿಯ ಉಳಿದ ಎತ್ತುಗಳು ಅಲ್ಲೇ ಇರಲಿ. ಅದು ಬಿಟ್ಟು, ಪ್ರಧಾನ ಕಚೇರಿ ಕಾರವಾರಕ್ಕೋ ತಿರುವನಂತಪುರಕ್ಕೋ ಎಂದು ಪತ್ರಿಕೆಗಳಲ್ಲಿ ನಡೆದ ಚರ್ಚೆ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದಂತೆ.

ಒಂದುಗೂಡಿಸುವ ಹುರುಪು ಅತಿಯಾದರೂ ಕಷ್ಟ. ಕೆನಡಾ 1968ರಲ್ಲಿ ಮೂರು ಪಡೆಗಳನ್ನೇ ಇಲ್ಲವಾಗಿಸಿ ಒಂದೇ ಪಡೆ ಮಾಡಿ, ನಾವಿಕನಿಗೂ ವೈಮಾನಿಕನಿಗೂ ಒಂದೇ ಹಸಿರು ಸಮವಸ್ತ್ರ ತೊಡಿಸಿತು. ನಾವಿಕನಿಗೆ ಹಸಿರು! ಆಮೇಲೆ ಬೇರೆ ಬೇರೆ ಬಣ್ಣ ಮರಳಿ ಬಂತು, 2011ರಲ್ಲಿ ಹಳೆಯ ಹೆಸರುಗಳೂ ಮರಳಿದವು.

ಹಣದ ಮಾತನ್ನು ಒಂದೇ ಉಸಿರಿಗೆ ಮುಗಿಸುತ್ತೇನೆ. 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ ರೂಪಾಯಿ. ಹೊಸ ವಿಮಾನ, ಹಡಗು, ಶಸ್ತ್ರಗಳಿರುವ ಬಂಡವಾಳದ ಬಾಬ್ತು 1.80 ಲಕ್ಷ ಕೋಟಿ. ಪಿಂಚಣಿ 1.61 ಲಕ್ಷ ಕೋಟಿ, ಅದರಲ್ಲಿ ನನ್ನದೂ ಸೇರಿದೆ, ಹಾಗಾಗಿ ಟೀಕಿಸುವುದಿಲ್ಲ. ಹಣ ಯಾವಾಗಲೂ ಕಡಿಮೆಯೇ. ಆದರೆ ನಾನು ಕಂಡ ತಡಗಳಲ್ಲಿ ಹಣದಿಂದಾದವು ಅರ್ಧಕ್ಕಿಂತ ಕಡಿಮೆ. ಒಮ್ಮೆ ಅಂಗೈಯಲ್ಲಿ ಹಿಡಿಸುವ ಒಂದು ರಬ್ಬರ್ ಸೀಲಿಗಾಗಿ ವಿಮಾನವೊಂದು ಎಂಟು ತಿಂಗಳು ಹ್ಯಾಂಗರ್‌ನಲ್ಲೇ ನಿಂತಿತು. ಯಾವ ಕಚೇರಿ ಎಂದು ಹೇಳುವುದಿಲ್ಲ. ಹಣ ಮಂಜೂರಾಗಿತ್ತು, ಸರಕು ಸಿಗುವ ಊರೂ ಗೊತ್ತಿತ್ತು. ಆ ಸೀಲು ಯಾವ ಶಾಖೆಯ ಪಟ್ಟಿಗೆ ಸೇರಿದ್ದೆಂದು ಇಬ್ಬರು ಅಧಿಕಾರಿಗಳು ಪತ್ರ ಬರೆದುಕೊಳ್ಳುತ್ತಿದ್ದರು. ನಾವು ದಿನಾ ಬೆಳಿಗ್ಗೆ ಆ ವಿಮಾನದ ಧೂಳು ಒರೆಸುತ್ತಿದ್ದೆವು.

ಗಂಟೆ ಬಾರಿಸುತ್ತಿದ್ದಾರೆ, ಪ್ರಶ್ನೆಗಳಿಗೆ ಸಮಯ ಬಿಡಬೇಕಂತೆ.

(ಮೊದಲ ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ಟ್ಯಾಕ್ಸಿ ಮಾಲೀಕರೊಬ್ಬರದು: "ಸರ್, ಇದೆಲ್ಲ ಸರಿ. ಮೋಪಾದ ಹೊಸ ವಿಮಾನ ನಿಲ್ದಾಣ ಬಂದ ಮೇಲೆ ದಾಬೋಲಿಮ್ ವಿಮಾನ ನಿಲ್ದಾಣ ಉಳಿಯುತ್ತದೋ ಇಲ್ಲವೋ?" ವಾಸ್ಕೋದಲ್ಲಿ ಯಾವ ವಿಷಯದ ಮೇಲೆ ಭಾಷಣ ಮಾಡಿದರೂ ಕೊನೆಗೆ ಬಂದಿಳಿಯುವುದು ಇದೇ ರನ್‌ವೇಯ ಮೇಲೆ. ನೌಕಾಪಡೆ ಎಲ್ಲಿಗೂ ಹೋಗುವುದಿಲ್ಲ ಎಂದೆ. ಅವರು ತಮ್ಮ ಬಾಡಿಗೆಯ ಬಗ್ಗೆ ಕೇಳಿದ್ದರು. ಸಭೆ ನಕ್ಕಿತು, ಅವರು ನಗಲಿಲ್ಲ. ಚಹಾ ಕುಡಿಯುತ್ತಾ ಆ ಮಾತನ್ನು ಇನ್ನೂ ಅರ್ಧ ಗಂಟೆ ಮುಂದುವರಿಸಿದೆವು.)